ಅಮ್ಮನಿಗೆ ಮೊದಲ ಕೀಮೋ ಆಯಿತು, ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಹನುಮಂತನಗರದ ಹುಡುಗ (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 57 ವರ್ಷ. ಎಡಗಡೆ ಸ್ತನದ ಕ್ಯಾನ್ಸರ್. ಸೆಪ್ಟೆಂಬರ್ ಕೊನೆಯಲ್ಲಿ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ ತೆಗೆದರು. ಹೋದ ಗುರುವಾರ ಮೊದಲ ಕೀಮೋ. ಆ ಕೆಂಪು ಔಷಧಿ 21 ದಿನಕ್ಕೊಂದರಂತೆ ನಾಲ್ಕು ಸಲ, ಆಮೇಲೆ ಬೇರೆ ಔಷಧಿ ವಾರಕ್ಕೊಂದರಂತೆ 12 ಸಲ ಎಂದು ಡಾಕ್ಟರು ಹೇಳಿದ್ದಾರೆ. ಇವತ್ತಿಗೆ ಆರನೇ ದಿನ.

ಆಸ್ಪತ್ರೆಯಲ್ಲಿ ಎಲ್ಲ ಸಲೀಸಾಗಿಯೇ ಆಯಿತು. ಮನೆಗೆ ಕಳಿಸುವಾಗ ಎರಡು ಪುಟದ ಇಂಗ್ಲಿಷ್ ಹಾಳೆ ಕೈಗೆ ಕೊಟ್ಟು "ಏನಾದರೂ ಆದರೆ ಫೋನ್ ಮಾಡಿ" ಅಂದರು. ಏನಾದರೂ ಅಂದರೆ ಏನು? ವಾಂತಿ ಆದರೆ ಮಾಡಬೇಕಾ? ಮಾತಾಡದೆ ಗೋಡೆ ನೋಡಿಕೊಂಡು ಮಲಗಿದ್ದರೆ ಮಾಡಬೇಕಾ?

ಮನೆಯಲ್ಲಿ ನಾವು ಮೂರೇ ಜನ. ಅಕ್ಕ ಮೈಸೂರಿನಲ್ಲಿದ್ದಾಳೆ, ಅವಳಿಗೆ ಎಂಟು ತಿಂಗಳ ಮಗು. ನನಗೆ ಆಫೀಸಿನವರು ಒಂದು ತಿಂಗಳು ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದಾರೆ. ಅನ್ನ, ತಿಳಿಸಾರು ಬಿಟ್ಟರೆ ನನಗೆ ಅಡುಗೆ ಬರುವುದಿಲ್ಲ. ಅಪ್ಪನಿಗೆ ಅದೂ ಬರುವುದಿಲ್ಲ.

ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಾಳೆ. ಬಾಯೆಲ್ಲಾ ಕಬ್ಬಿಣ ನೆಕ್ಕಿದ ಹಾಗೆ ಇದೆಯಂತೆ. ಶುಗರ್ ಬೇರೆ ಇದೆ, ಮೊದಲೆರಡು ದಿನ 280ರ ಹತ್ತಿರ ಹೋಗಿತ್ತು, ಆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಈಗ ಉಲ್ಟಾ, ಎದ್ದು ಕೂರುವುದಕ್ಕೂ ಆಗುತ್ತಿಲ್ಲ. ಇದರ ಮಧ್ಯೆ ನೋಡಲು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ದೊಡ್ಡಮ್ಮ ಮೊಸರು ಕೊಡಬೇಡ, ಶೀತ ಅನ್ನುತ್ತಾರೆ. ಚಿಕ್ಕಪ್ಪ ಅಮೃತಬಳ್ಳಿ ತಂದಿಟ್ಟು ಹೋಗಿದ್ದಾರೆ. ಪಕ್ಕದ ಮನೆಯವರು ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತೆ ಅಂತ ಅಮ್ಮನ ಎದುರಿಗೇ ಹೇಳಿದರು.

ಇನ್ನೊಂದು ವಿಷಯ. ಮುಂದಿನ ಸೋಮವಾರ ಕಡಲೆಕಾಯಿ ಪರಿಷೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅಮ್ಮ ಒಂದು ವರ್ಷವೂ ತಪ್ಪಿಸಿಲ್ಲ. ಬಸವನಗುಡಿಗೆ ನಡೆದುಕೊಂಡೇ ಹೋಗುವಷ್ಟು ಹತ್ತಿರ. ಈ ಸಲ ಬಾಯಿ ಬಿಟ್ಟು ಕೇಳಿರುವುದು ಅದೊಂದನ್ನೇ. ಕಾರಿನಲ್ಲಿ ಕರೆದುಕೊಂಡು ಹೋಗಿ, ಮಾಸ್ಕ್ ಹಾಕಿಸಿ, ಹತ್ತು ನಿಮಿಷ ತೋರಿಸಿಕೊಂಡು ಬಂದರೆ ಆಗುತ್ತದಾ?

ಹಿಂದೆ ಮನೆಯಲ್ಲಿ ಇದನ್ನೆಲ್ಲ ಕಂಡವರು ದಯವಿಟ್ಟು ಹೇಳಿ.

ಟಿ ಬ್ಲಾಕ್ ಸೊಸೆ

ನಮ್ಮತ್ತೆಗೂ ಇದೇ ಔಷಧಿ, ಇದೇ ಲೆಕ್ಕ, ನಾಲ್ಕು ಮತ್ತು ಹನ್ನೆರಡು. ಮೂರು ವರ್ಷ ಆಯಿತು, ಈಗ ಆರಾಮಾಗಿ ಓಡಾಡಿಕೊಂಡು ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದಾರೆ.

ಮೊದಲು ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ. ಹಾಲಿನವನ ಲೆಕ್ಕ ಬರೆಯುತ್ತಿದ್ದೆವಲ್ಲ, ಆ ತರಹದ್ದು. ಕೀಮೋ ದಿನಕ್ಕೆ 1 ಎಂದು ಬರೆದು 21ರವರೆಗೆ ನಂಬರ್ ಹಾಕಿ. ಪ್ರತಿದಿನ ಜ್ವರ ಎಷ್ಟು, ಏನು ತಿಂದರು, ಹೊಟ್ಟೆ ಹೋಯಿತಾ ಇಲ್ಲವಾ, ನಿದ್ದೆ ಹೇಗೆ, ಎರಡೇ ಸಾಲು. ಮೊದಲ ಸಲ ಇದು ಬರೀ ಕಾಗದ ಅನಿಸುತ್ತದೆ. ಎರಡನೇ ಕೀಮೋ ಹೊತ್ತಿಗೆ ಅದೇ ನಿಮಗೆ ಪಂಚಾಂಗ. ನಮ್ಮತ್ತೆಗೆ ನಾಲ್ಕನೇ ದಿನದಿಂದ ಏಳನೇ ದಿನದವರೆಗೆ ಹಾಸಿಗೆ, ಎಂಟಕ್ಕೆ ಕಾಫಿ ಕೇಳುತ್ತಿದ್ದರು, ಹದಿನೈದರಿಂದ ಮಾಮೂಲಿ ಮನುಷ್ಯರು. ಎಲ್ಲರಿಗೂ ಹೀಗೇ ಆಗುವುದಿಲ್ಲ, ಆದರೆ ಒಬ್ಬರಿಗೆ ಒಂದು ಸಲ ಆದದ್ದು ಹೆಚ್ಚುಕಮ್ಮಿ ಹಾಗೆಯೇ ಮರುಕಳಿಸುತ್ತದೆ. ಅದು ಗೊತ್ತಾದ ಮೇಲೆ ಅರ್ಧ ಭಯ ಹೋಯಿತು. ಮನೆಗೆ ಯಾರು ಯಾವಾಗ ಬರಬಹುದು, ನಾನು ಯಾವತ್ತು ರಜೆ ಹಾಕಬೇಕು, ಎಲ್ಲ ಆ ಕ್ಯಾಲೆಂಡರ್ ನೋಡಿಯೇ.

ಮೊದಲೆರಡು ರಾತ್ರಿ ನಿದ್ದೆ ಇಲ್ಲ, ಶುಗರ್ ಏರಿತು ಅಂದಿರಲ್ಲ, ಅದು ವಾಂತಿ ಬರದಿರಲಿ ಎಂದು ಕೊಡುವ ಸ್ಟೀರಾಯ್ಡ್ ಮಾತ್ರೆಯ ಕೆಲಸ. ಅದು ನಿಂತ ಮೇಲೆ ಗಾಳಿ ಬಿಟ್ಟ ಬಲೂನಿನ ಹಾಗೆ ಸುಸ್ತು. ನಮಗೂ ಮೊದಲ ಸಲ ಗಾಬರಿಯಾಗಿತ್ತು. ಶುಗರ್ ಅಂಕಿಗಳನ್ನು ಬರೆದಿಟ್ಟುಕೊಂಡು ಮುಂದಿನ ಕೀಮೋಗೆ ಮುಂಚೆ ಡಾಕ್ಟರಿಗೆ ತೋರಿಸಿ, ಆ ಎರಡು ದಿನದ ಮಾತ್ರೆ ಅವರೇ ಹೊಂದಿಸುತ್ತಾರೆ.

ಊಟದ ವಿಷಯ. ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಎತ್ತಿಡಿ. ನಾವು ಬಾಳೆ ಎಲೆ ತಂದು ತೊಳೆದು ಅದರಲ್ಲೇ ಬಡಿಸುತ್ತಿದ್ದೆವು, ಮರದ ಚಮಚ ಕೊಟ್ಟೆವು. ಕಬ್ಬಿಣದ ರುಚಿ ಪೂರ್ತಿ ಹೋಗಲಿಲ್ಲ, ಆದರೆ ನಾಲ್ಕು ತುತ್ತು ಜಾಸ್ತಿ ಹೋಯಿತು. ಬಿಸಿ ಬಿಸಿ ಕೊಡಲು ಹೋಗಬೇಡಿ, ಬಿಸಿ ಅಡುಗೆಗೆ ವಾಸನೆ ಜಾಸ್ತಿ, ಒಗ್ಗರಣೆ ಸಿಡಿದರೆ ಸಾಕು ಅತ್ತೆ ಬಚ್ಚಲಿಗೆ ಓಡುತ್ತಿದ್ದರು. ಅವರು ಮಲಗಿದ್ದಾಗ ಬಾಗಿಲು ಹಾಕಿ ಅಡುಗೆ ಮುಗಿಸಿ, ಆರಿದ ಮೇಲೆ ಕೊಡುತ್ತಿದ್ದೆ. ಮೂರು ಹೊತ್ತು ತಟ್ಟೆ ತುಂಬ ಅಲ್ಲ, ಎರಡು ಗಂಟೆಗೊಮ್ಮೆ ಅಂಗೈಯಷ್ಟು. ಇಡ್ಲಿ ಅರ್ಧ, ಮೆತ್ತಗಿನ ಹೆಸರುಬೇಳೆ ಹುಗ್ಗಿ ಎರಡು ಚಮಚ, ಬಾಳೆಹಣ್ಣು ಕಾಲು ಭಾಗ. ರಾಗಿ ಗಂಜಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಗಂಜಿ ಹೊಟ್ಟೆ ತುಂಬಿಸುತ್ತದೆ, ಆದರೆ ಕೀಮೋದಿಂದ ಸುಧಾರಿಸಿಕೊಳ್ಳಲು ಪ್ರೋಟೀನ್ ಬೇಕು. ಮೊಟ್ಟೆ ತಿನ್ನುವವರಾದರೆ ಪೂರ್ತಿ ಬೇಯಿಸಿ ಕೊಡಿ. ಇಲ್ಲದಿದ್ದರೆ ಬೇಳೆ, ಪನೀರ್, ಹಾಲು, ಹುರಿಗಡಲೆ ಪುಡಿ ಏನಾದರೂ ಪ್ರತಿ ಸಲ ಸ್ವಲ್ಪ ಸೇರಿಸಿ.

ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಮೈಯಲ್ಲಿರುವ ಎಲ್ಲ ಜೀವಕೋಶಗಳೂ ಸಕ್ಕರೆ ಉರಿಸುತ್ತವೆ, ನೀವು ಬೆಲ್ಲ ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ನಿಮ್ಮಮ್ಮನಿಗೆ ಸಿಹಿ ಕಡಿಮೆ ಮಾಡಬೇಕಿರುವುದು ಡಯಾಬಿಟಿಸ್‌ಗಾಗಿ, ಅಷ್ಟೇ. ಈಗ ತೂಕ ಇಳಿಯುವುದು ಇನ್ನೂ ಕೆಟ್ಟದ್ದು.

ಆಮೇಲೆ ಒಂದು ಬ್ಯಾಗ್ ಬಾಗಿಲ ಹತ್ತಿರ ಸಿದ್ಧ ಇಡಿ. ಫೈಲ್, ಮಾತ್ರೆಗಳ ಪಟ್ಟಿ, ಒಂದು ಜೊತೆ ಬಟ್ಟೆ, ಚಾರ್ಜರ್, ಇನ್ಶೂರೆನ್ಸ್ ಕಾರ್ಡ್. ರಾತ್ರಿ ಎರಡು ಗಂಟೆಗೆ ಫೈಲ್ ಹುಡುಕಿದವರಿಗೇ ಗೊತ್ತು ಅದರ ಬೆಲೆ.

ಮಲೆನಾಡ ಮಾಣಿ

ಮೇಲಿನವರು ಹೇಳಿದ್ದು ಸರಿ, ಆದರೆ ಕೀಮೋ ಜೊತೆಗೆ ನಾಟಿ ಔಷಧಿಯನ್ನೂ ಕೊಡಬಹುದಲ್ಲ? ನಮ್ಮ ಕಡೆ ತೊಗಟೆ ಕಷಾಯ ಕುಡಿದು ಗುಣವಾದವರಿದ್ದಾರೆ. ಅಮೃತಬಳ್ಳಿಯಂತೂ ಎಲ್ಲರ ಹಿತ್ತಲಲ್ಲೂ ಇರುವುದು, ರೋಗ ತಡೆಯುವ ಶಕ್ತಿ ಬರುತ್ತೆ. ಸೈಡ್ ಎಫೆಕ್ಟ್ ಏನೂ ಇಲ್ಲ.

ಡೇ ಕೇರ್ ಸಿಸ್ಟರ್

ಮಾಣಿಯವರೇ, ಜಗಳಕ್ಕೆ ಬಂದಿಲ್ಲ, ಆದರೆ ಇದನ್ನು ಹಾಗೇ ಬಿಡಲು ಆಗುವುದಿಲ್ಲ. ನಾನು ಕೀಮೋ ವಾರ್ಡಿನಲ್ಲಿ ನರ್ಸ್, ಹನ್ನೊಂದು ವರ್ಷದಿಂದ. ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ಲಿವರ್ ಡಾಕ್ಟರುಗಳೇ ವರದಿ ಮಾಡಿದ್ದಾರೆ. ಅಮ್ಮನಿಗೆ ಕೊಡುತ್ತಿರುವ ಕೆಂಪು ಔಷಧಿಯನ್ನು ಮೈಯಿಂದ ಹೊರಗೆ ಹಾಕುವುದೂ ಅದೇ ಲಿವರ್. ಕಷಾಯದಿಂದ ಲಿವರ್ ಟೆಸ್ಟ್ ಏರುಪೇರಾಗಿ ಕೀಮೋ ಮುಂದಕ್ಕೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಯಾವುದನ್ನೇ ಕೊಡುವುದಿದ್ದರೂ ಡಾಕ್ಟರಿಗೆ ಹೇಳಿ ಕೊಡಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಬೈದರೆ ಬೈಯಲಿ.

ಈಗ "ಏನಾದರೂ ಅಂದರೆ ಏನು" ಅನ್ನುವ ಪ್ರಶ್ನೆಗೆ.

ಎಲ್ಲಕ್ಕಿಂತ ಮೊದಲು ಜ್ವರ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ ದಾಟಿದರೆ ಬೆಳಗಾಗಲಿ ಎಂದು ಕಾಯಬಾರದು, ಮಧ್ಯರಾತ್ರಿಯಾದರೂ ಹೊರಡಬೇಕು. ಕೀಮೋ ಆದ ಏಳನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಏರಬಹುದು. ಕೀವು, ಕೆಮ್ಮು ಏನೂ ಕಾಣಿಸದೇ ಇರಬಹುದು, ಏಕೆಂದರೆ ಕೀವು ಕಟ್ಟುವುದಕ್ಕೂ ಬಿಳಿ ಕಣ ಬೇಕಲ್ಲ. ಎಷ್ಟೋ ಸಲ ಜ್ವರ ಒಂದೇ ಗುರುತು. ಬೆಂಗಳೂರಿನ ಎಲ್ಲ ಮನೆಯ ಡಬ್ಬಿಯಲ್ಲೂ ಡೋಲೋ ಇರುತ್ತದೆ, ಅದು ಒಳ್ಳೆಯ ಮಾತ್ರೆಯೇ, ಆದರೆ ಇಲ್ಲಿ ಅದನ್ನು ನುಂಗಿಸಿದರೆ ಇರುವ ಒಂದು ಗುರುತೂ ಅಳಿಸಿಹೋಗುತ್ತದೆ. ಮೊದಲು ಥರ್ಮಾಮೀಟರ್, ಆಮೇಲೆ ಫೋನ್, ಅವರು ಹೇಳಿದ ಮೇಲೆ ಮಾತ್ರೆ. ಕ್ಯಾಜುವಾಲ್ಟಿಗೆ ಹೋದ ತಕ್ಷಣ "ಜ್ವರ" ಅನ್ನಬೇಡಿ. "ಕೀಮೋ ಆಗಿ ಇಷ್ಟನೇ ದಿನ, ಜ್ವರ ಇಷ್ಟು" ಅನ್ನಿ. ಬರೀ ಜ್ವರ ಅಂದರೆ ಟೋಕನ್ ಕೊಟ್ಟು ಕೂರಿಸುತ್ತಾರೆ. ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಎನ್ನುವುದು ನಿಯಮ.

ಜ್ವರ ಇಲ್ಲದೆ ಗಡಗಡ ಚಳಿ ಬಂದರೂ, ಉಸಿರು ಕಟ್ಟಿದರೂ, ಎದೆ ನೋವು ಬಂದರೂ ಇದೇ ನಿಯಮ. ನೀರು ಕೂಡ ನಿಲ್ಲದಷ್ಟು ವಾಂತಿ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಭೇದಿ, ವಸಡಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಇವಕ್ಕೂ ಫೋನ್ ಮಾಡಿ. ಕೆಂಪು ಔಷಧಿ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಗೆ ಬರುವುದು ಮಾತ್ರ ಔಷಧಿಯ ಬಣ್ಣ, ರಕ್ತ ಅಲ್ಲ. ಇದನ್ನು ನೋಡಿ ಬೆಳಗಿನ ಜಾವ ಓಡಿಬಂದವರನ್ನು ಎಷ್ಟೋ ಸಲ ಕಾಫಿ ಕುಡಿಸಿ ಕಳಿಸಿದ್ದೇವೆ.

ಬಾಯಿ ಹುಣ್ಣು ಇನ್ನು ಶುರುವಾಗಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಊಟವಾದ ಮೇಲೆಲ್ಲ, ಮಲಗುವ ಮುಂಚೆ ಮುಕ್ಕಳಿಸಲಿ. ಬ್ರಷ್ ಮಕ್ಕಳದ್ದು ತೆಗೆದುಕೊಡಿ, ಮೆತ್ತಗಿರುತ್ತದೆ. ವಾಂತಿ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ, ಹೇಳಿಕೊಳ್ಳಲು ಅಮ್ಮಂದಿರಿಗೆ ನಾಚಿಕೆ, ನೀವೇ ಕೇಳಬೇಕು. ಎನಿಮಾ ಗಿನಿಮಾ ಮನೆಯಲ್ಲಿ ಮಾಡಬೇಡಿ.

ಕೀಮೋ ಆದ 48 ಗಂಟೆ ಔಷಧಿ ಮಲ, ಮೂತ್ರ, ವಾಂತಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಕಮೋಡ್ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ, ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿ ಬೇರೆ ಒಗೆಯಿರಿ. ಹಾಗಂತ ಅಮ್ಮನನ್ನು ಮುಟ್ಟಬಾರದು ಅಂತಲ್ಲ. ತಬ್ಬಿಕೊಳ್ಳಿ, ಪಕ್ಕದಲ್ಲೇ ಮಲಗಿ, ಏನೂ ಆಗುವುದಿಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳನ್ನು ನೋಡಿದ್ದೇನೆ, ಇದು ಅಂಟುವ ಕಾಯಿಲೆಯಲ್ಲ.

ಎಡಗೈಗೆ ಬಿಪಿ ಪಟ್ಟಿ, ಇಂಜೆಕ್ಷನ್, ರಕ್ತ ತೆಗೆಯುವುದು ಯಾವುದೂ ಬೇಡ, ಕಂಕುಳಿನ ಗಂಟು ತೆಗೆದಿರುವುದರಿಂದ ಕೈ ಊದಿಕೊಳ್ಳಬಹುದು. ಯಾವ ಲ್ಯಾಬಿಗೆ ಹೋದರೂ ನೀವೇ ಮೊದಲು ಹೇಳಿ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಿರುತ್ತಾರೆ, ಬಿಡಬೇಡಿ.

ಮೊಸರು: ಮನೆಯಲ್ಲಿ ಹಾಲು ಕಾಯಿಸಿ ಹೆಪ್ಪು ಹಾಕಿದ ಹೊಸ ಮೊಸರಾದರೆ ಸಾಮಾನ್ಯವಾಗಿ ಪರವಾಗಿಲ್ಲ ಅನ್ನುತ್ತಾರೆ. ಬಿಳಿ ಕಣದ ಕೌಂಟ್ ತೀರಾ ಕಡಿಮೆ ಇದ್ದಾಗ ಕೆಲವು ಡಾಕ್ಟರು ಅದನ್ನೂ ನಿಲ್ಲಿಸುತ್ತಾರೆ, ನಿಮ್ಮವರನ್ನು ಕೇಳಿ. ಶೀತಕ್ಕೂ ಇದಕ್ಕೂ ಸಂಬಂಧ ಇಲ್ಲ. ತಣ್ಣಗಿನದು ಮುಟ್ಟಲೇಬಾರದು ಎಂಬ ಪಥ್ಯ ಇರುವುದು ಆಕ್ಸಾಲಿಪ್ಲಾಟಿನ್ ಅನ್ನುವ ಬೇರೆ ಔಷಧಿಗೆ, ಹೆಚ್ಚಾಗಿ ಕರುಳಿನ ಕ್ಯಾನ್ಸರ್‌ನವರಿಗೆ ಕೊಡುವುದು. ಯಾರೋ ಒಬ್ಬ ಪೇಷಂಟ್‌ಗೆ ಹೇಳಿದ್ದು ಎಲ್ಲರಿಗೂ ಹರಡುತ್ತದೆ. ಹಸಿ ಕೋಸಂಬರಿ, ಹೋಟೆಲ್ ಚಟ್ನಿ, ಪಾನಿಪುರಿ ಮಾತ್ರ ಸದ್ಯಕ್ಕೆ ಬೇಡ. ಟ್ಯಾಂಕರ್ ನೀರಾಗಲಿ ಕಾವೇರಿಯಾಗಲಿ ಕುದಿಸಿಯೇ ಕೊಡಿ.

ಪರಿಷೆ: ಸೋಮವಾರ ಎಷ್ಟನೇ ದಿನ, ಲೆಕ್ಕ ಹಾಕಿ.

ಹನುಮಂತನಗರದ ಹುಡುಗ

ಹನ್ನೆರಡನೇ ದಿನ. ಅರ್ಥ ಆಯಿತು ಸಿಸ್ಟರ್.

ಥರ್ಮಾಮೀಟರ್ ಇರಲಿಲ್ಲ, ಈಗ ಹೋಗಿ ತಂದೆ. ಕೊರೊನಾ ಸಮಯದಲ್ಲಿ ತಂದದ್ದು ಹಣೆಗೆ ಹಿಡಿಯುವ ಗನ್, ಅದು ನನಗೂ 94 ತೋರಿಸುತ್ತದೆ, ಗೋಡೆಗೂ 94 ತೋರಿಸುತ್ತದೆ.

ಊಟ, ಜ್ವರದ ವಿಷಯಕ್ಕೆ ಧೈರ್ಯ ಬಂತು. ಆದರೆ ಅಮ್ಮ ಮಾತಾಡದೆ ಇರುವುದಕ್ಕೆ ಏನು ಮಾಡಲಿ? ನಾನು ಹಾಲ್‌ನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕಣ್ಣೆದುರಿಗೇ ಇದ್ದೇನೆ. ಅಡುಗೆಮನೆಗೆ ಕಾಲಿಡಲು ಬಿಟ್ಟಿಲ್ಲ, ಲೋಟ ಎತ್ತಲೂ ಬಿಟ್ಟಿಲ್ಲ. ಹತ್ತು ನಿಮಿಷಕ್ಕೊಮ್ಮೆ ಏನು ಬೇಕಮ್ಮ ಅಂತ ಕೇಳುತ್ತೇನೆ. ಏನೂ ಬೇಡ ಅನ್ನುತ್ತಾಳೆ.

ಬೋಳುತಲೆ ರಾಣಿ

ಅಪ್ಪಾ, ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ ನಾನಾಗಿದ್ದರೆ ಲೋಟ ಎಸೆಯುತ್ತಿದ್ದೆ.

ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಎಲ್ಲರೂ ನೋಡಿಕೊಂಡವರು, ನಾನು ನೋಡಿಸಿಕೊಂಡವಳು. ರಾಜಾಜಿನಗರದಲ್ಲಿ ಮನೆ, ಶಾಲೆಯಲ್ಲಿ ಟೀಚರ್ ಆಗಿದ್ದೆ, 52ರಲ್ಲಿ ಬಂತು. ನನ್ನ ಗಂಡ, ಇಬ್ಬರು ಮಕ್ಕಳು ನನ್ನನ್ನು ಗಾಜಿನ ಬೊಂಬೆ ಮಾಡಿಬಿಟ್ಟಿದ್ದರು. ನಾನು ಬಂದರೆ ಮಾತು ನಿಲ್ಲಿಸುವುದು, ಟಿವಿ ಸೌಂಡ್ ಕಡಿಮೆ ಮಾಡುವುದು, ಫೋನ್ ಬಂದರೆ ಬಾಲ್ಕನಿಗೆ ಹೋಗಿ ಪಿಸುಗುಟ್ಟುವುದು. ಕ್ಯಾನ್ಸರ್ ಬಂದದ್ದಕ್ಕಿಂತ ನನ್ನ ಮನೆಯಲ್ಲಿ ನಾನೇ ನೆಂಟಳಾಗಿದ್ದು ಜಾಸ್ತಿ ನೋವು ಕೊಟ್ಟಿತು. ಮೂವತ್ತು ವರ್ಷ ಆ ಅಡುಗೆಮನೆ ನಡೆಸಿದವಳು, ಒಂದು ದಿನ ಎದ್ದು ಹೋಗಿ ನೋಡಿದರೆ ಉಪ್ಪಿನ ಡಬ್ಬಿಯ ಜಾಗದಲ್ಲಿ ಸಕ್ಕರೆ ಡಬ್ಬಿ ಇತ್ತು. ಅಲ್ಲೇ ನಿಂತು ಅತ್ತೆ. ಕೂದಲು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಅಮ್ಮನನ್ನು ಒಲೆ ಮುಂದೆ ನಿಲ್ಲಿಸಿ ಅಂತ ಹೇಳುತ್ತಿಲ್ಲ. ಒಂದು ಕುರ್ಚಿ ಅಡುಗೆಮನೆ ಬಾಗಿಲಲ್ಲಿ ಹಾಕಿ. ಒಗ್ಗರಣೆ ಇಲ್ಲದ ಹೊತ್ತಿನಲ್ಲಿ ಅವರು ಕೂತು ಹೇಳಲಿ, ನೀವು ಮಾಡಿ. ಬೀನ್ಸ್ ನಾರು ತೆಗೆಯಲು ಕೊಡಿ, ಅವರೆಕಾಳು ಹಿಚುಕಲು ಕೊಡಿ, ಕೈ ತೊಳೆದುಕೊಂಡು ಮಾಡಿದರೆ ಏನೂ ಆಗುವುದಿಲ್ಲ. ಹಾಲಿನವರ ಲೆಕ್ಕ, ಗ್ಯಾಸ್ ಬುಕ್ ಮಾಡುವುದು, ಇಸ್ತ್ರಿಯವನ ಹತ್ತಿರ ಜಗಳ ಆಡುವುದು, ಇವೆಲ್ಲ ಮಲಗಿಕೊಂಡೇ ಮಾಡುವ ಕೆಲಸಗಳು. "ಏನು ಬೇಕು" ಅಂತ ಕೇಳಬೇಡಿ. ಬೇಕಾದ್ದು ಏನು ಅಂತ ಯೋಚಿಸುವುದಕ್ಕೂ ಆ ದಿನಗಳಲ್ಲಿ ಶಕ್ತಿ ಇರುವುದಿಲ್ಲ. "ಇಡ್ಲಿನಾ, ಅವಲಕ್ಕಿನಾ?" ಅಂತ ಕೇಳಿ. ಎರಡೂ ಬೇಡ ಅಂದರೆ ಸುಮ್ಮನೆ ಒಂದು ಬಟ್ಟಲಲ್ಲಿ ಪಕ್ಕಕ್ಕಿಟ್ಟು ಹೋಗಿ, ಯಾರೂ ನೋಡದೇ ಇರುವಾಗ ತಿನ್ನುತ್ತೇವೆ. ನಿಜವಾಗಿ.

ಕೂದಲು ಮೊದಲ ಕೀಮೋ ಆದ ಎರಡು ಮೂರು ವಾರಕ್ಕೆ ಉದುರುತ್ತದೆ. ಒಂದು ಬೆಳಿಗ್ಗೆ ದಿಂಬಿನ ಮೇಲೆ ಗೊಂಚಲು ಗೊಂಚಲು. ಅದಕ್ಕೆ ಕಾಯುವುದು ಬೇಡ ಅಂದರೆ ಮುಂಚೆಯೇ ಚಿಕ್ಕದಾಗಿ ಕತ್ತರಿಸಬಹುದು. ಆದರೆ ಅದು ಅವರ ತೀರ್ಮಾನ, ನೀವು ಟ್ರಿಮ್ಮರ್ ಹಿಡಿದು ನಿಲ್ಲಬೇಡಿ. ಕೆಲವು ಗಂಡುಮಕ್ಕಳು ತಾವೂ ತಲೆ ಬೋಳಿಸಿಕೊಳ್ಳುತ್ತಾರೆ, ನನ್ನ ಮಗ ಹಾಗೆ ಮಾಡಿದ. ಪ್ರೀತಿಯಿಂದಲೇ ಮಾಡಿದ್ದು, ಆದರೆ ನೋಡಿದವರೆಲ್ಲ ಮನೆಯಲ್ಲಿ ಯಾರು ಹೋದರು ಅಂತ ಕೇಳಿದರು. ಕೇಳಿ ಮಾಡಿ ಮಾರಾಯರೇ. ರಾತ್ರಿ ತಲೆ ತಣ್ಣಗಾಗುತ್ತದೆ, ಒಂದು ಹತ್ತಿ ಟೋಪಿ ತಂದಿಡಿ, ಸಾಕು.

ಇನ್ನು ನೋಡಲು ಬರುವವರು. ಬಾಗಿಲಲ್ಲಿ ನಿಲ್ಲಿಸಿ ನೆಗಡಿ ಇದೆಯಾ ಅಂತ ಕೇಳುವ ಕೆಟ್ಟ ಕೆಲಸ ಅಪ್ಪನಿಗೆ ವಹಿಸಿ. ಅವರಿಗೂ ಏನಾದರೂ ಕೆಲಸ ಬೇಕಲ್ಲ. ಅಯ್ಯೋ ಎಷ್ಟು ಇಳಿದುಹೋದೆ ಅನ್ನುವವರಿಗೆ, ನಮ್ಮ ಓರಗಿತ್ತಿಯೂ ಹೀಗೇ ಇದ್ದಳು, ಆಮೇಲೆ ಹೋಗಿಬಿಟ್ಟಳು ಅಂತ ಕಥೆ ಹೇಳುವವರಿಗೆ ಎರಡನೇ ಸಲ ಬಾಗಿಲು ತೆಗೆಯಬೇಡಿ.

ಸಿರಾ ಗೇಟ್

ನಮ್ಮದು ತುಮಕೂರು. ಅಪ್ಪನಿಗೆ ಬಾಯಿ ಕ್ಯಾನ್ಸರ್, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಡೇರಿ ಸರ್ಕಲ್ ಹತ್ತಿರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಎಂಟು ತಿಂಗಳು ಓಡಾಡಿದ್ದೇವೆ. ಮೇಲಿನವರ ಮಟ್ಟಕ್ಕೆ ಬರೆಯಲು ನನಗೆ ಬರುವುದಿಲ್ಲ, ದುಡ್ಡಿನ ವಿಷಯ ಯಾರೂ ಹೇಳಲಿಲ್ಲ ಅಂತ ಹೇಳುತ್ತಿದ್ದೇನೆ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೂ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಚಿಕಿತ್ಸೆಗೆ ಮುಂಚೆಯೇ ಒಪ್ಪಿಗೆ ಹಾಕಿಸಬೇಕು, ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಕೂತಿರುತ್ತಾರೆ, ಮೊದಲ ದಿನವೇ ಅವರ ಹತ್ತಿರ ಹೋಗಿ. ಹುಡುಗನಿಗೆ ಸಂಬಳ ಇರುವುದರಿಂದ ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಚಿಕಿತ್ಸೆ ಖರ್ಚನ್ನು ಆದಾಯದಲ್ಲಿ ಕಳೆಯಬಹುದು (ಹಿಂದಿನ ಕಾಯಿದೆಯಲ್ಲಿ 80ಡಿಡಿಬಿ), 40,000 ರೂಪಾಯಿವರೆಗೆ, 60 ದಾಟಿದವರಿಗಾದರೆ ಒಂದು ಲಕ್ಷ. ಕ್ಯಾನ್ಸರ್ ಡಾಕ್ಟರಿಂದ ಬರೆಸಿಕೊಂಡ ಕಾಗದ ಬೇಕು. ಮಾಮೂಲಿ ಮಾತ್ರೆಗಳು ಜನೌಷಧಿಯಲ್ಲಿ ಸಿಕ್ಕಿದರೆ ಅಲ್ಲೇ ತನ್ನಿ, ಬೆಲೆ ನೋಡಿ ನೀವೇ ದಂಗಾಗುತ್ತೀರಿ. ಊರಿಂದ ರೈಲಿನಲ್ಲಿ ಬರುವವರು ಯಾರಾದರೂ ಓದುತ್ತಿದ್ದರೆ, ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯವರು ಅದರ ಫಾರಂ ತುಂಬಿಕೊಡುತ್ತಾರೆ. ನಮಗೆ ಇದು ಗೊತ್ತಾದದ್ದು ಐದನೇ ತಿಂಗಳು.

ನೋವಿನ ವಿಷಯ ಒಂದು ಹೇಳಲೇಬೇಕು. ಅಪ್ಪನಿಗೆ ಕೊನೆಗೆ ಏನೂ ಮಾಡಲು ಆಗುವುದಿಲ್ಲ ಅಂದ ಮೇಲೆ, ಮಾರತ್ತಹಳ್ಳಿ ಕಡೆ ಕರುಣಾಶ್ರಯ ಅಂತ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಜಾಗ ಇದೆ, ಅಲ್ಲಿಗೆ ಕರೆದುಕೊಂಡು ಹೋದೆವು. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನೊಳಗಿನ ಮನೆಗಳಿಗೆ ಅವರೇ ಬಂದು ನೋಡಿಕೊಂಡೂ ಹೋಗುತ್ತಾರೆ. ಅಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟ ಮೇಲೆ ಅಪ್ಪ ಎರಡು ತಿಂಗಳಲ್ಲಿ ಮೊದಲ ಸಲ ರಾತ್ರಿ ಪೂರ್ತಿ ಮಲಗಿದರು. ಮಾರ್ಫಿನ್ ಅಂದರೆ ಚಟ ಹಿಡಿಯುತ್ತೆ ಅಂತ ನಾವೇ ಅಷ್ಟು ದಿನ ಬೇಡ ಅಂದಿದ್ದೆವು, ಆ ಎರಡು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮಮ್ಮನದು ಆ ಹಂತ ಅಲ್ಲ, ಗುಣವಾಗಲೆಂದೇ ಕೊಡುತ್ತಿರುವ ಚಿಕಿತ್ಸೆ, ಹೆದರಬೇಡಿ. ಆದರೆ ನೋವು ಇದ್ದರೆ ಮೊದಲ ದಿನವೇ ಹೇಳಬೇಕು, ತಡೆದುಕೊಳ್ಳುವುದು ದೊಡ್ಡತನ ಅಲ್ಲ. ನೋವು ಕಡಿಮೆ ಮಾಡುವ ವಿಭಾಗಕ್ಕೆ ಕಳಿಸಿದರು ಅಂದ ತಕ್ಷಣ ಕೊನೆ ಬಂತು ಅಂದುಕೊಳ್ಳುವುದೂ ತಪ್ಪು.

ಮತ್ತೆ ನೀನು. ಬೇರೆಯವರೆಲ್ಲ ನೀವು ಅಂದರು, ನಾನು ನೀನು ಅನ್ನುತ್ತೇನೆ, ನನ್ನ ತಮ್ಮನ ವಯಸ್ಸಿನವನ ಹಾಗೆ ಕಾಣುತ್ತೀಯ. ಅಕ್ಕನಿಗೆ ಮಗು ಇದೆ ಅಂತ ಬಿಟ್ಟುಬಿಡಬೇಡ. ಮೈಸೂರಿನಲ್ಲೇ ಕೂತು ಇನ್ಶೂರೆನ್ಸ್ ಫೋನು, ಔಷಧಿ ತರಿಸುವುದು, ನೆಂಟರಿಗೆ ಉತ್ತರ ಕೊಡುವುದು ಅವಳು ಮಾಡಲಿ. ನಾನು ಎಲ್ಲ ಒಬ್ಬನೇ ಹೊತ್ತುಕೊಂಡೆ, ಅಪ್ಪ ಹೋದ ಮೇಲೆ ಮೂರು ತಿಂಗಳು ಮಲಗಿಬಿಟ್ಟೆ. ರಾತ್ರಿ ತಲೆ ಕೆಟ್ಟರೆ 14416ಕ್ಕೆ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಲೆನಾಡ ಮಾಣಿ

ಸಿಸ್ಟರ್ ಹೇಳಿದ್ದು ಓದಿದೆ. ನಮ್ಮ ಅತ್ತಿಗೆಗೂ ಈಗ ಕೀಮೋ ನಡೆಯುತ್ತಿದೆ, ಅಮೃತಬಳ್ಳಿ ನಾನೇ ಕಳಿಸಿದ್ದೆ. ನಾಳೆ ಫೋನ್ ಮಾಡಿ ನಿಲ್ಲಿಸಲು ಹೇಳುತ್ತೇನೆ.

ಹನುಮಂತನಗರದ ಹುಡುಗ (ಮುಂದಿನ ಗುರುವಾರ)

ಎಲ್ಲರಿಗೂ ಹೇಳಬೇಕಾದ್ದು ಇದೆ, ಸಮಯ ಸಿಕ್ಕಿರಲಿಲ್ಲ.

ಶನಿವಾರ, ಹತ್ತನೇ ದಿನ, ರಾತ್ರಿ ಒಂದೂವರೆಗೆ ಅಮ್ಮ ನೀರು ಕುಡಿಯಲು ಎದ್ದಳು. ಲೋಟ ಕೊಡುವಾಗ ಕೈ ಬಿಸಿ ಇತ್ತು. ಹೊಸ ಥರ್ಮಾಮೀಟರ್ 101.2 ತೋರಿಸಿತು. ಅಮ್ಮ ಹೇಳಿದ್ದು ಒಂದೇ ಮಾತು, ಒಂದು ಡೋಲೋ ಕೊಡು, ಬೆಳಿಗ್ಗೆ ನೋಡೋಣ, ಅಪ್ಪನನ್ನು ಎಬ್ಬಿಸಬೇಡ. ಇಲ್ಲಿ ಓದದೇ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಬ್ಯಾಗ್ ಬಾಗಿಲಲ್ಲೇ ಇತ್ತು. ಕ್ಯಾಬ್ ಎರಡು ಸಲ ಕ್ಯಾನ್ಸಲ್ ಆಯಿತು, ಸಕ್ಕರೆ ಅಂತ ಹೆದರಿಸಿದ್ದ ಪಕ್ಕದ ಮನೆಯವರೇ ಕಾರು ತೆಗೆದರು, ಲುಂಗಿಯಲ್ಲೇ. ಕ್ಯಾಜುವಾಲ್ಟಿಯಲ್ಲಿ ಸಿಸ್ಟರ್ ಹೇಳಿಕೊಟ್ಟ ಹಾಗೇ "ಕೀಮೋ ಆಗಿ ಹತ್ತನೇ ದಿನ, 101.2" ಅಂದೆ. ಕೂರಿ ಅನ್ನಲಿಲ್ಲ, ನೇರ ಒಳಗೆ ಕರೆದುಕೊಂಡು ಹೋದರು. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣ 300ಕ್ಕೆ ಇಳಿದಿತ್ತು. ನಾಲ್ಕು ದಿನ ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಕೊಟ್ಟರು. ನಿನ್ನೆ ಮಧ್ಯಾಹ್ನ ಮನೆಗೆ ಬಂದೆವು. ಮುಂದಿನ ಸಲದಿಂದ ಕೀಮೋ ಮಾರನೇ ದಿನ ಬಿಳಿ ಕಣ ಏರಿಸುವ ಇಂಜೆಕ್ಷನ್ ಕೊಡುತ್ತಾರಂತೆ.

ಪರಿಷೆ ದಿನ ಅಮ್ಮ ವಾರ್ಡಿನಲ್ಲಿದ್ದಳು. ಅಪ್ಪ ನನ್ನನ್ನು ಅಲ್ಲಿ ಕೂರಿಸಿ, ಸ್ನಾನ ಮಾಡಿ ಬರುತ್ತೇನೆ ಅಂತ ಹೋದವರು ಮೂರು ಗಂಟೆ ಬರಲಿಲ್ಲ. ಬಸವನಗುಡಿಗೆ ಹೋಗಿ ಎರಡು ಸೇರು ಹಸಿ ಕಡಲೆಕಾಯಿ ತಂದು ಮನೆಯಲ್ಲಿಟ್ಟು ಬಂದಿದ್ದರು. ನಾಲ್ಕು ಫೋಟೋ ತೆಗೆದಿದ್ದರು, ನಾಲ್ಕರಲ್ಲೂ ಅವರ ಹೆಬ್ಬೆರಳು.

ಸಿಸ್ಟರ್, ಕುಕ್ಕರಿನಲ್ಲಿ ಬೇಯಿಸಿ ಕೊಡಬಹುದಾ?

ಡೇ ಕೇರ್ ಸಿಸ್ಟರ್

ಮಣ್ಣು ಹೋಗುವ ಹಾಗೆ ನಾಲ್ಕು ನೀರಿನಲ್ಲಿ ತೊಳೆಯಿರಿ. ಬೂಷ್ಟು ಹಿಡಿದದ್ದು, ಕಪ್ಪಗಾದದ್ದು ಆರಿಸಿ ಎಸೆಯಿರಿ. ಚೆನ್ನಾಗಿ ಬೆಂದು ಮೆತ್ತಗಿರಲಿ, ಬಾಯಲ್ಲಿ ಹುಣ್ಣು ಇಲ್ಲದಿದ್ದರೆ ಧಾರಾಳವಾಗಿ ತಿನ್ನಲಿ. ತೊಳೆಯುವ ಕೆಲಸ ನಿಮ್ಮದು, ಅಮ್ಮನದಲ್ಲ. ಆ ಇಂಜೆಕ್ಷನ್ ಮನೆಗೆ ತಂದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಕೊಟ್ಟ ಮೇಲೆ ಎರಡು ಮೂರು ದಿನ ಮೂಳೆ ನೋವು ಬರುತ್ತದೆ, ಈಗಲೇ ಹೇಳಿಟ್ಟಿರಿ.

ಹನುಮಂತನಗರದ ಹುಡುಗ

ತೊಳೆದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ನಾನು ಹಾಕಿದ ಉಪ್ಪು ಸಾಲದಂತೆ, ಕುಕ್ಕರ್ ನೀರು ಜಾಸ್ತಿಯಂತೆ, ಮೂರು ಸೀಟಿಗೆ ಯಾರಾದರೂ ಹಸಿ ಕಾಯಿ ಬೇಯಿಸುತ್ತಾರಾ ಅಂತ ಕೇಳುತ್ತಿದ್ದಾಳೆ. ಐದನೇ ಸೀಟಿ ಆಯಿತು, ಹೋಗಬೇಕು.